ತಡೆದುಕೊಂಡವರ ಬೆಂಚು

ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದೆಯೆಂದು ತಿಳಿದ ವಾರವೇ ಧಾರವಾಡದ ನಮ್ಮ ಬಳಗ ಒಂದು ತೀರ್ಮಾನಕ್ಕೆ ಬಂದಿತು: ಇದು ಒಳ್ಳೆಯ ಕ್ಯಾನ್ಸರು. ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ ಹಿಡಿದು ಮಾತಾಡಿಸಲು ಬಂದವರೆಲ್ಲ ಚಹಾ ಕುಡಿದು ನನ್ನ ಭಾಗ್ಯವನ್ನು ಕೊಂಡಾಡಿ ಹೋದರು. “ಹೊಟ್ಟೀದು ಬಂದಿದ್ರ ಕೆಲಸ ಕೆಟ್ಟಿತ್ತು. ಇದು ಭಾಳ ಸಾವಕಾಶ ಹೋಗ್ತೈತಿ. ಎಲ್ಲಾ ಬಿಟ್ಟು ಛಲೋದ ಬಂದೈತಿ ನೋಡ್ರಿ,” ಎಂದರು ನನ್ನ ಹೆಂಡತಿಯ ಅಣ್ಣ, ಹತ್ತು ಸೀರೆ ತೆಗೆಸಿ ಅದರಲ್ಲಿ ಚೆಂದದ್ದನ್ನು ಆರಿಸಿದವರ ಹಾಗೆ. ಅಷ್ಟು ಒಳ್ಳೆಯದಿದ್ದರೆ ನೀವೇ ಇಟ್ಟುಕೊಳ್ಳಿ ಎನ್ನಬೇಕೆನಿಸಿತು. ಆದರೆ ಮನೆಗೆ ಬಂದವರಿಗೆ ಹಾಗೆಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಇನ್ನೊಮ್ಮೆ ಚಹಾ ಮಾಡಿಸಿದೆ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆಪರೇಶನ್ ಆಯಿತು. ಮೂತ್ರಕೋಶದ ಬುಡದಲ್ಲಿರುವ ಆ ಗ್ರಂಥಿಯನ್ನು ತೆಗೆದುಹಾಕಿದರು, ನಾನು ಪಾರಾದೆ ಎಂದುಕೊಂಡೆ. ಎಂಟು ತಿಂಗಳ ಮೇಲೆ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಎಂಬ ಅಂಕಿ ಮತ್ತೆ ತಲೆಯೆತ್ತಿತು. ಸಾವಕಾಶ ಹೋಗುವ ಕ್ಯಾನ್ಸರು ಅಷ್ಟೇ ಸಾವಕಾಶವಾಗಿ ವಾಪಸೂ ಬರುತ್ತದೆ ಎಂಬುದನ್ನು ಬಳಗದವರು ಯಾರೂ ಹೇಳಿರಲಿಲ್ಲ. ಡಾಕ್ಟರು ರೇಡಿಯೇಶನ್ ಬರೆದರು. ನಮ್ಮ ಕಡೆ ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಏಳು ವಾರ, ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು ಹತ್ತಿ ಕರೆಂಟು ತೆಗೆದುಕೊಂಡು ಬರುವುದು ನನ್ನ ನಿವೃತ್ತಿಯ ನಂತರದ ಹೊಸ ನೌಕರಿಯಾಯಿತು.

ಈ ಕರೆಂಟಿಗೆ ಒಂದು ಶಾಸ್ತ್ರವಿದೆ. ಪ್ರಾಸ್ಟೇಟಿನ ಜಾಗಕ್ಕೆ ಕಿರಣ ಬೀಳಬೇಕಾದರೆ ಮೂತ್ರಕೋಶ ತುಂಬಿರಬೇಕು, ಇಲ್ಲವಾದರೆ ಅಕ್ಕಪಕ್ಕದ ಅಂಗಕ್ಕೂ ಪೆಟ್ಟಾಗುತ್ತದೆ. ಆದ್ದರಿಂದ ಮೊದಲು ಹೋಗಿ ಬರಬೇಕು, ಆಮೇಲೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯಬೇಕು, ಮುಕ್ಕಾಲು ತಾಸು ತಡೆದುಕೊಂಡು ಕೂರಬೇಕು. ಅರವತ್ತು ದಾಟಿದ ಗಂಡಸಿಗೆ, ಅದರಲ್ಲೂ ಈ ರೋಗ ಬಂದವನಿಗೆ, ಜಗತ್ತಿನಲ್ಲಿ ಯಾವ ಕೆಲಸ ಎಲ್ಲಕ್ಕಿಂತ ಕಷ್ಟವೋ ಅದನ್ನೇ ಹುಡುಕಿ ತೆಗೆದು ಚಿಕಿತ್ಸೆಗೆ ಇಟ್ಟಿದ್ದಾರೆ. ಯಂತ್ರದ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅದರ ಮೇಲೆ ನಾವು ಐದಾರು ಮಂದಿ ನೀರು ಕುಡಿದು, ತೊಡೆ ಬಿಗಿಹಿಡಿದು, ಯಾರ ಮುಖವನ್ನೂ ನೋಡದೆ ಕೂತಿರುತ್ತಿದ್ದೆವು.

ಹೊಸಬರು ಎಲ್ಲರೂ ಒಂದೇ ತಪ್ಪು ಮಾಡುತ್ತಿದ್ದರು, ನಾನೂ ಮಾಡಿದ್ದೆ. ಮುಕ್ಕಾಲು ತಾಸು ಹಲ್ಲು ಕಚ್ಚಿ ತಡೆದುಕೊಂಡು, ಒಳಗಿನಿಂದ ಹೆಸರು ಕೂಗಿದ ಕೂಡಲೇ ಎದ್ದು ನೆಟ್ಟಗೆ ಸಂಡಾಸಿಗೆ ಹೋಗಿ ಹಗುರಾಗಿ ಬಂದುಬಿಡುವುದು. ನಮ್ಮ ಅವ್ವಂದಿರು ಕಲಿಸಿದ್ದೇ ಹಾಗೆ. ಶಾಲೆಗೆ ಹೊರಟರೆ ಏಕಿಗೆ ಹೋಗಿ ಬಾ, ಬಸ್ಸು ಹತ್ತುವ ಮೊದಲು ಹೋಗಿ ಬಾ, ಹೆಣ್ಣು ನೋಡಲು ಹೊರಟಾಗಲೂ ಮೊದಲು ಹೋಗಿ ಬಾ. ಇನ್ನು ದೊಡ್ಡ ಯಂತ್ರದ ಕೆಳಗೆ, ಪರಸ್ತ್ರೀಯೊಬ್ಬಳ ಎದುರಿಗೆ ಮಲಗಲು ಹೊರಟವನು ಹೋಗದೆ ಇರುತ್ತಾನೆಯೇ? ಯಂತ್ರ ನಡೆಸುವ ಮೇಡಂ ಸ್ಕ್ಯಾನಿನಲ್ಲಿ ನೋಡಿ, “ಕಾಕಾ, ಖಾಲಿ ಮಾಡ್ಕೊಂಡ ಬಂದೀರೆಲ್ರಿ,” ಎಂದು ಎಬ್ಬಿಸಿ ಕಳಿಸುತ್ತಿದ್ದರು. ಮತ್ತೆ ನೀರು, ಮತ್ತೆ ಮುಕ್ಕಾಲು ತಾಸು.

ಏಳು ವಾರ ಮುಗಿಯಿತು. ಮನೆಯಲ್ಲಿ ಕುಳಿತೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಅಲ್ಲಿಯತನಕ ಕಾಯುವುದಷ್ಟೇ ಕೆಲಸ. ಆ ಕಾಯುವಿಕೆ ಎಷ್ಟು ಹೆದರಿಕೆಯದೆಂದು ನಾನು ಯಾರಿಗೂ ಹೇಳಲಿಲ್ಲ. ಪೇಪರು ಮೂರು ಸಲ ಓದುತ್ತಿದ್ದೆ, ಒಲೆಯ ಮೇಲಿನ ಸಾರಿಗೆ ಉಪ್ಪು ಜಾಸ್ತಿಯೆಂದು ಕುದಿಯುವ ಮೊದಲೇ ಹೇಳುತ್ತಿದ್ದೆ. ವಾರ ಕಳೆಯುವುದರೊಳಗೆ ಹೆಂಡತಿ ಕೈಮುಗಿದಳು. “ಮನ್ಯಾಗ ಕುಂತು ನನ್ನ ಜೀವಾ ತಿನ್ನೂದಕ್ಕಿಂತ ಆ ದವಾಖಾನಿಗೇ ಹೋಗಿ ಕುಂದರ್ರಿ. ಅಲ್ಲಿ ಹ್ವಾದಾಗ ಮನಶ್ಯಾರಂಗ ಇರ್ತಿದ್ರಿ,” ಎಂದಳು.

ಖರೇ ಹೇಳಬೇಕೆಂದರೆ ನನಗೂ ಆ ಬೆಂಚಿನ ನೆನಪಾಗುತ್ತಿತ್ತು. ಅಲ್ಲಿ ಯಾರೂ ನನ್ನದು ಒಳ್ಳೆಯ ಕ್ಯಾನ್ಸರೆಂದು ಹೇಳುತ್ತಿರಲಿಲ್ಲ. ಹೋಗಿ ಮೇಡಂ ಅವರನ್ನು ಕೇಳಿದೆ. ಹೊಸಬರಿಗೆ ನೀರಿನ ಲೆಕ್ಕ ಹೇಳಿ ಹೇಳಿ ಗಂಟಲು ಹೋಗಿದ್ದ ಅವರು ಒಂದು ಕುರ್ಚಿ, ಕೊರಳಿಗೆ ‘ಸ್ವಯಂಸೇವಕ’ ಎಂಬ ಪಟ್ಟಿ, ಎರಡನ್ನೂ ಅಂದೇ ಕೊಟ್ಟರು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಮಾರಿ ಮನೆಯಿಂದ ಹೊರಬಿದ್ದದ್ದೇ ಸಾಕೆಂದು ಹೆಂಡತಿ ಬುತ್ತಿಯನ್ನೂ ಕಟ್ಟಿಕೊಡತೊಡಗಿದಳು.

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ಮಾಸ್ತರರ ವರ್ಗಾವಣೆಯ ಕಾಗದಗಳನ್ನು ವರ್ಷಗಟ್ಟಲೆ ಹಿಡಿದಿಟ್ಟವನಿಗೆ ಐದು ಮಂದಿ ಮುದುಕರನ್ನು ಮುಕ್ಕಾಲು ತಾಸು ಹಿಡಿದಿಡುವುದು ಯಾವ ಲೆಕ್ಕ? ಮೊದಲ ದಿನವೇ ನಿಯಮ ಮಾಡಿದೆ. ಬೆಂಚಿನ ಮೇಲೆ ನೀರಿನ ಸುದ್ದಿ ತೆಗೆಯಕೂಡದು. ಇದು ಎಷ್ಟು ಕಠಿಣವೆಂದು ನಮ್ಮ ಅವಳಿ ನಗರದವರಿಗೇ ಗೊತ್ತು. ವಾರಕ್ಕೊಮ್ಮೆ ನೀರು ಬಿಡುವ ಹುಬ್ಬಳ್ಳಿಯಲ್ಲಿ ಇಬ್ಬರು ಕೂಡಿದರೆ ನಮಸ್ಕಾರದ ನಂತರದ ಮಾತೇ ‘ನಿಮ್ಮ ಓಣ್ಯಾಗ ನಳ ಬಂತೇನ್ರಿ’ ಎಂಬುದು. ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಲೇಥ್ ಓಡಿಸಿ ನಿವೃತ್ತರಾದ ಎಪ್ಪತ್ತೈದರ ಅಜ್ಜರೊಬ್ಬರು ಮೂರನೆಯ ತಿಂಗಳ ಕೊನೆಗೆ ಬಂದು ಬೆಂಚಿನ ಹಿರಿಯರಾದರು. ಅವರು ಮೈಮರೆತು ನಳದ ಮಾತು ತೆಗೆದರೆ ಉಳಿದ ನಾಲ್ವರೂ ಕಾಲ ಮೇಲೆ ಕಾಲು ಹಾಕಿಕೊಂಡು ನರಳುತ್ತಿದ್ದರು. ನಾನು ಕಚೇರಿಯ ಕಥೆಗಳನ್ನು ಹೇಳುತ್ತಿದ್ದೆ. ಅವು ಎಲ್ಲಿಯೂ ಹೋಗಿ ಮುಟ್ಟದ ಕಥೆಗಳಾದ್ದರಿಂದ ಹೊತ್ತು ಕಳೆಯಲು ಬಹಳ ಅನುಕೂಲವಾಗಿದ್ದವು.

ಹೊಸಬರ ತಪ್ಪು ನಿಂತಿತು. ಹೆಸರು ಕೂಗಿದಾಗ ಯಾರಾದರೂ ಸಂಡಾಸಿನ ಕಡೆ ತಿರುಗಿದರೆ ನಾನು ಕೈ ಅಡ್ಡ ಮಾಡುತ್ತಿದ್ದೆ. ನಾಲ್ಕು ತಿಂಗಳು ನನ್ನ ಬೆಂಚಿನಿಂದ ಒಬ್ಬನೂ ಖಾಲಿ ಮಾಡಿಕೊಂಡು ಒಳಗೆ ಹೋಗಲಿಲ್ಲ. ಮೇಡಂ ಡಾಕ್ಟರ ಮುಂದೆ ನನ್ನನ್ನು ಹೊಗಳಿದರು. ನಿವೃತ್ತಿಯ ದಿನ ಶಾಲು ಹೊದಿಸಿ ಸುಳ್ಳುಸುಳ್ಳೇ ಹೊಗಳಿದ್ದರಲ್ಲ, ಅದಕ್ಕಿಂತ ಇದು ರುಚಿಯಾಗಿತ್ತು. ಧಾರವಾಡಕ್ಕೆ ಮರಳುವಾಗ ಬಸ್ಸು ಬೈರಿದೇವರಕೊಪ್ಪ ದಾಟುವವರೆಗೂ ನಾನು ಒಬ್ಬನೇ ನಗುತ್ತ ಕೂತಿರುತ್ತಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು. ತಡೆದುಕೊಳ್ಳುವ ವಿದ್ಯೆಯ ಈ ಮಹಾಗುರುವಿಗೆ ಸ್ವತಃ ಒಂದು ತಾಸು ತಡೆಯುವ ಶಕ್ತಿ ಇರಲಿಲ್ಲ. ಆಪರೇಶನ್ ಆದಂದಿನಿಂದ ಕೆಮ್ಮಿದರೆ, ಸೀನಿದರೆ, ಬಸ್ಸು ಕುಣಿದರೆ ನನಗೆ ಹನಿಯುತ್ತದೆ. ಪ್ಯಾಂಟಿನೊಳಗೆ ದೊಡ್ಡವರು ಹಾಕುವ ಪ್ಯಾಡು ಹಾಕಿಕೊಳ್ಳುತ್ತೇನೆ. ಇದು ಹೆಂಡತಿ ಮತ್ತು ಡಾಕ್ಟರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಓಣಿಯಿಂದ ದೂರದ ಔಷಧ ಅಂಗಡಿಯಲ್ಲಿ ಅದನ್ನು ಕೊಳ್ಳುತ್ತಿದ್ದೆ. ಯಾರಿಗೆ ಎಂದು ಅಂಗಡಿಯವರು ಮೊದಲ ಸಲ ಕೇಳಿದಾಗ ಬಾಯಿಗೆ ಬಂದದ್ದು “ನಮ್ಮ ಅವ್ವಗ್ರಿ” ಎಂಬ ಮಾತು. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಆ ಪುಣ್ಯಾತ್ಮರು ಪ್ರತಿ ಸಲ “ಅವ್ವಾರು ಹೆಂಗದಾರ್ರಿ?” ಎಂದು ಕೇಳುತ್ತಾರೆ, ನಾನು “ಹಂಗ ಅದಾರ್ರಿ,” ಎನ್ನುತ್ತೇನೆ. ಮಾನ ಉಳಿಸಿಕೊಳ್ಳಲು ಹೆತ್ತ ತಾಯಿಯನ್ನು ಹಾಸಿಗೆ ಹಿಡಿಸಿದ ಮಗ ನಾನು.

ಅಂಥ ದಿನಗಳಲ್ಲಿ ಬೆಂಚಿಗೆ ಒಬ್ಬ ಟೇಲರ್ ಮಾಸ್ತರರು ಬಂದರು. ದುರ್ಗದಬೈಲಿನ ಒಂದು ಸಂದಿಯಲ್ಲಿ ಅವರ ಅಂಗಡಿ, ನಲವತ್ತು ವರ್ಷ ಗಂಡಸರ ಪ್ಯಾಂಟು ಹೊಲಿದವರು. ಮಾತು ಕಡಿಮೆ, ಅಂಗಿಯ ಇಸ್ತ್ರಿ ಗೆರೆ ಒಂದು ದಿನವೂ ಮುರಿದದ್ದಿಲ್ಲ. ಹೇಳಿದಷ್ಟು ನೀರು ಕುಡಿದು, ಬೆಂಚಿನ ತುದಿಯಲ್ಲಿ ಕೂತು, ಕಣ್ಣು ಮುಚ್ಚಿ ತಡೆದುಕೊಳ್ಳುತ್ತಿದ್ದರು. ನನ್ನ ಶಿಷ್ಯರಲ್ಲಿ ಮೊದಲ ರ‍್ಯಾಂಕು ಅವರದ್ದೇ.

ಒಂದು ಬುಧವಾರ ಯಂತ್ರ ಕೆಟ್ಟಿತು. ಇನ್ನು ಹತ್ತು ನಿಮಿಷ ಎಂದರು, ಆಮೇಲೆ ಮತ್ತೆ ಹತ್ತು ಎಂದರು. ಒಂದೂಕಾಲು ತಾಸಾದಾಗ ಮಾಸ್ತರರು ಎದ್ದು ನಿಂತರು. ಹಣೆಯ ಮೇಲೆ ಬೆವರಿತ್ತು. “ಸರ, ಆಗವಲ್ದು. ಹೋಗಿ ಬರ್ತೇನ್ರಿ,” ಎಂದರು. ಅಷ್ಟರಲ್ಲಿ ಒಳಗಿನಿಂದ ಮೇಡಂ ಯಂತ್ರ ಶುರುವಾಯಿತೆಂದು ಕೂಗಿದರು. ನಾಲ್ಕು ತಿಂಗಳ ನನ್ನ ದಾಖಲೆ ಕಣ್ಣ ಮುಂದೆ ಬಂತು. ನಾನು ಎದ್ದು ಕೈ ಅಡ್ಡ ಮಾಡಿ, “ಇಷ್ಟೊತ್ತು ತಡದೀರಿ, ಇನ್ನೈದು ಮಿನಿಟಿಗೆ ಏನ ಆಕೈತಿ? ಕುಂದರ್ರಿ ಮಾಸ್ತರ,” ಎಂದೆ.

ದೊಡ್ಡವರ ಮಾತು ಮೀರುವ ಸ್ವಭಾವ ಅವರದ್ದಲ್ಲ. ಕೂರಲು ಬಾಗಿದರು. ಅಲ್ಲಿಯೇ ಆಗಿಹೋಯಿತು. ತಿಳಿಬೂದಿ ಬಣ್ಣದ ಪ್ಯಾಂಟಿನ ಮೇಲೆ ಅದು ಮೊಣಕಾಲಿನತನಕ ಇಳಿದದ್ದನ್ನು ನಾವೆಲ್ಲ ನೋಡಿದೆವು. ಅವರು ಕೈಚೀಲವನ್ನು ಮುಂದೆ ಹಿಡಿದುಕೊಂಡು ಹೊರಟುಹೋದರು. ಆಯಾ ಬಂದು ನೆಲ ಒರೆಸಿದಳು. ಲಕಮನಹಳ್ಳಿಯ ಅಜ್ಜ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು.

ಗುರುವಾರ ಮಾಸ್ತರರು ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. “ಇನ್ನ ಹದಿನಾಲ್ಕು ಸಿಟಿಂಗ್ ಉಳದಾವ್ರಿ. ನಡುವ ಬಿಟ್ರ ತೊಗೊಂಡಿದ್ದೂ ಉಪಯೋಗಕ್ಕ ಬರೂದಿಲ್ಲ. ಫೋನ್ ಮಾಡಿದ್ರ ಬರೂದಿಲ್ಲ ಅಂತಾರ,” ಎಂದರು ಮೇಡಂ. ನಾನು ಕೊರಳಿನ ಪಟ್ಟಿ ತೆಗೆದು ಜೇಬಿಗೆ ಹಾಕಿಕೊಂಡು ದುರ್ಗದಬೈಲಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ವಿಚಾರ: ಈ ಮನುಷ್ಯ ಸತ್ತರೆ ಅದು ರೋಗದಿಂದಲ್ಲ, ನನ್ನ ಡೌಲಿನಿಂದ.

ಬಳೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಒಂದು ಬಾಗಿಲಿನಷ್ಟೇ ಅಗಲದ ಜಾಗ. ಮಾಸ್ತರರು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ನನ್ನನ್ನು ನೋಡಿಯೂ ಮಷಿನ್ ನಿಲ್ಲಿಸಲಿಲ್ಲ.

“ಬರ್ರಿ ಸರ. ಕುಂದರ್ರಿ.”

“ಎರಡ ದಿವಸ ಬಂದಿಲ್ರೆಲ್ಲ ಮಾಸ್ತರ.”

“ಇನ್ನ ಬರೂದಿಲ್ರಿ.”

“ಹದಿನಾಲ್ಕ ಉಳದಾವು. ಜೀವದ ಪ್ರಶ್ನೆ ಐತಿ.”

“ಗೊತ್ತೈತ್ರಿ. ಮೇಡಂ ಫೋನ್ ಮಾಡಿದ್ರು, ಡಾಕ್ಟರೂ ಮಾಡಿದ್ರು. ಎಲ್ಲಾರೂ ಜೀವದ್ದ ಹೇಳ್ತಾರ. ಮಾನದ್ದ ಯಾರು ಕೇಳ್ತಾರ್ರಿ?”

ನಾನು ದಾರಿಯಲ್ಲಿ ಒಂದು ದೊಡ್ಡ ತ್ಯಾಗವನ್ನು ತಯಾರು ಮಾಡಿಕೊಂಡು ಬಂದಿದ್ದೆ. ಬಾಗಿಲ ಕಡೆ ನೋಡಿ, ದನಿ ಇಳಿಸಿ, “ಮಾಸ್ತರ, ಯಾರಿಗೂ ಗೊತ್ತಿಲ್ಲ, ನಿಮಗ ಹೇಳ್ತೇನಿ. ನಾನೂ ಒಳಗ ಪ್ಯಾಡ್ ಹಾಕ್ಕೋತೇನಿ,” ಎಂದೆ. ಅವರ ಕಣ್ಣು ಅರಳೀತು, ಮನಸ್ಸು ಕರಗೀತು ಎಂದು ಕಾದೆ.

ಅವರು ದಾರವನ್ನು ಹಲ್ಲಿನಿಂದ ಕಡಿದರು. “ಗೊತ್ತೈತ್ರಿ,” ಎಂದರು.

“ಹೆಂಗ ಗೊತ್ತು?”

“ನಲವತ್ತ ವರ್ಷ ಪ್ಯಾಂಟ ಹೊಲದೇನ್ರಿ. ಮೊದಲನೇ ದಿನ ನೀವು ಎದ್ದು ನಿಂತಾಗನ ಪ್ಯಾಂಟಿನ ಹಿಂದಿನ ಸೀಟ್ ಜಗ್ಗಾಕತ್ತಿತ್ತು. ನಿಮಗ ಸಂಕೋಚ ಆದೀತಂತ ಯಾರ ಮುಂದೂ ಅನ್ನಲಿಲ್ಲ.” ಈಗ ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. “ಸಿಟ್ಟಾಗಬ್ಯಾಡ್ರಿ ಸರ, ಒಂದ ಮಾತು ಕೇಳ್ತೇನಿ. ಅವತ್ತ ನೀವು ಒಳಗ ಹಾಕ್ಕೊಂಡ ಕುಂತಿದ್ರಿ. ಹಾಕ್ಕೊಂಡ ಕುಂತು ನನಗ ಕೈ ಅಡ್ಡ ಮಾಡಿದ್ರಿ. ಇಂಥಾದ್ದೊಂದ ಸಿಗ್ತೈತಿ, ನೀವೂ ಹಾಕ್ಕೊಂಡ ಬರ್ರಿ ಅಂತ ಒಂದ ಮಾತ ಹೇಳಿದ್ರ ಅಷ್ಟೂ ಮಂದಿ ಮುಂದ ನನಗ ಹಂಗ ಆಗ್ತಿರಲಿಲ್ಲಲ್ರಿ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಕಚೇರಿಯಲ್ಲಿ ಎಷ್ಟು ಸಾಹೇಬರ ಬೆನ್ನ ಹಿಂದೆ ಹೇಳಿದ್ದೆನೋ ಲೆಕ್ಕವಿಲ್ಲ. ಅದು ನನ್ನ ಮನೆ ಹುಡುಕಿಕೊಂಡು ಬರುತ್ತದೆಂದು ಗೊತ್ತಿರಲಿಲ್ಲ. ನಾಲ್ಕು ತಿಂಗಳು ಆ ಬೆಂಚಿನ ಎದುರು ಕುರ್ಚಿ ಹಾಕಿಕೊಂಡು ಕೂತು ಎಷ್ಟು ಮಂದಿಗೆ ಏನೇನು ಹೇಳಿದ್ದೆ. ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಬಿಟ್ಟು ಬಾಕಿಯೆಲ್ಲ ಹೇಳಿದ್ದೆ. ನನಗೆ ನಾಚಿಕೆಯಾಯಿತು, ಹನಿಯುವುದಕ್ಕೆ ಎಂದೂ ಆಗದಷ್ಟು ನಾಚಿಕೆಯಾಯಿತು.

“ತಪ್ಪಾತ್ರಿ ಮಾಸ್ತರ,” ಎಂದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಬಾಯಿಂದ ಈ ಮಾತು ಬಂದಿರಲಿಲ್ಲ. ಕಚೇರಿಯಲ್ಲಿ ತಪ್ಪೆಲ್ಲ ಯಾವಾಗಲೂ ಕೆಳಗಿನವರದ್ದೇ ಇರುತ್ತದೆ.

“ನನಗ ಹೇಳಿ ಏನ ಮಾಡ್ತೀರ್ರಿ. ನನ್ನ ಜಾಗಾದಾಗ ಮತ್ತೊಬ್ಬ ಬಂದು ಕುಂದರ್ತಾನ, ಅವಂಗೂ ಹಿಂಗ ಆಕೈತಿ. ಅಲ್ಲಿ ಹೇಳ್ರಿ, ಎಲ್ಲಾರ ಮುಂದ. ನೀವು ಹೇಳ್ತೇನಿ ಅಂದ್ರ ನಾ ಸೋಮವಾರ ಬರ್ತೇನಿ,” ಎಂದರು ಮಾಸ್ತರರು. ಹೇಳುತ್ತೇನೆ ಎಂದೆ. ಅವರು ಚಹಾ ತರಿಸಿದರು.

ಶನಿವಾರ, ಭಾನುವಾರ ನನ್ನ ಹೊಟ್ಟೆಗೆ ಅನ್ನ ಇಳಿಯಲಿಲ್ಲ. ಆಪರೇಶನ್ನಿನ ಹಿಂದಿನ ದಿನ ಕೂಡ ಚೆನ್ನಾಗಿ ಉಂಡಿದ್ದವನು ನಾನು. ಒಂದು ಜೀವ ಉಳಿಯುವ ಮಾತು ಒಂದು ಕಡೆ, ಐದು ಮಂದಿ ಮುದುಕರ ಎದುರು ಒಂದು ವಾಕ್ಯ ಹೇಳುವುದು ಇನ್ನೊಂದು ಕಡೆ, ಇವೆರಡನ್ನು ತೂಗುತ್ತ ಕೂತಿದ್ದೆನೆಂದರೆ ನನ್ನ ಯೋಗ್ಯತೆ ತಿಳಿಯಿರಿ. ನನಗೆ ಮೈಯಲ್ಲಿ ಹುಷಾರಿಲ್ಲವೆಂದು ಮಾಸ್ತರರಿಗೆ ಫೋನು ಮಾಡಿಬಿಡಲೇ ಎಂದೂ ಅನಿಸಿತ್ತು. ಕೊನೆಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೊತ್ತಂಬರಿ ಸೋಸುವುದನ್ನು ನಿಲ್ಲಿಸದೆ, “ನಿಮ್ಮ ಮಾನ ಅಷ್ಟ ಸಣ್ಣ ಪ್ಯಾಡಿನ್ಯಾಗ ಮುಚ್ಚಿಟ್ಟೀರಂತ ನನಗ ಗೊತ್ತಿರಲಿಲ್ಲ ನೋಡ್ರಿ,” ಎಂದಳು. ಆಮೇಲೆ ಸೋಸಿದ ಕೊತ್ತಂಬರಿಯನ್ನು ಎತ್ತಿಟ್ಟು, “ಹೇಳಿ ಬರ್ರಿ. ನಾನೂ ಬೇಕಾದ್ರ ಬರ್ತೇನಿ,” ಎಂದಳು. ಅದು ಬೇಡವೆಂದೆ.

ಸೋಮವಾರ ಮಾಸ್ತರರು ನನಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ನೀರಿನ ಬಾಟಲಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ನಾನು ಹೇಳುವತನಕ ಅವರು ಕುಡಿಯುವುದಿಲ್ಲ ಎಂಬುದು ನನಗೆ ತಿಳಿಯಿತು. ಬೆಂಚಿನ ಮೇಲೆ ಒಬ್ಬ ಹೊಸಬರೂ ಇದ್ದರು, ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಂಥವರ ಎದುರು ಬಾಯಿ ಬಿಡುವುದು ಇನ್ನೂ ಕಷ್ಟ. ನಾನು ಕುರ್ಚಿಯಿಂದ ಎದ್ದು ನಿಂತೆ.

“ಒಂದ ಮಾತು ಹೇಳೋದಿತ್ರಿ. ನನಗ ಆಪರೇಶನ್ ಆದಾಗಿಂದ ತಡಕೊಳ್ಳಾಕ ಆಗೂದಿಲ್ಲ. ನಾ ಪ್ಯಾಡ್ ಹಾಕ್ಕೋತೇನಿ, ಈಗೂ ಹಾಕ್ಕೊಂಡೇನಿ. ಇಷ್ಟು ದಿವಸ ನಿಮಗ ಹೇಳದ ತಡಕೋರಿ ತಡಕೋರಿ ಅಂದೆ, ಅದು ನನ್ನ ತಪ್ಪು. ನೀವೂ ಒಂದ ಹಾಕ್ಕೊಂಡ ಬರ್ರಿ. ಆದ್ರ ಆತು, ಇಲ್ಲಂದ್ರ ಇಲ್ಲ. ಹೆದರೂದು ಬ್ಯಾಡ.”

ಪ್ರಾಧ್ಯಾಪಕರು ಗೋಡೆಯ ಕ್ಯಾಲೆಂಡರು ನೋಡಿದರು. ಲಕಮನಹಳ್ಳಿಯ ಅಜ್ಜ ಗಂಟಲು ಸರಿಮಾಡಿಕೊಂಡು ಕೇಳಿದರು: “ಎಷ್ಟ ತಾಸು ತಡೀತೈತ್ರಿ ಅದು?”

“ನಾಲ್ಕೈದು ತಾಸು ಏನೂ ಆಗೂದಿಲ್ರಿ.”

“ನಾ ಬಸ್ಸಿನ್ಯಾಗ ನಿಂತ ಬರ್ತೇನಿ. ಎರಡ ಸಲ ಆಗೈತಿ ನನಗ,” ಎಂದರು ಅಜ್ಜ. “ಅಳತಿ ಇರ್ತಾವೇನು ಅದರಾಗ?”

“ಸೊಂಟದ ಮ್ಯಾಲೆ ಕೊಡ್ತಾರ್ರಿ. ಸಣ್ಣದು, ಮಧ್ಯಮ, ದೊಡ್ಡದು.”

“ನನ್ನ ಸೊಂಟ ಎಷ್ಟಂತ ಯಾರಿಗ್ಗೊತ್ತು. ಲುಂಗಿ ಉಡಾವ ನಾ.”

ಮಾಸ್ತರರು ಬಾಟಲಿಯ ಮುಚ್ಚಳ ತೆಗೆದು ಅಷ್ಟೂ ನೀರನ್ನು ಕುಡಿದರು. ಬಾಯಿ ಒರೆಸಿಕೊಂಡು ಜೇಬಿನಿಂದ ಟೇಪು ತೆಗೆದರು. “ಎದ್ದ ನಿಂದರ್ರಿ ಅಜ್ಜಾರ,” ಎಂದರು.

ಅಜ್ಜ ಎರಡೂ ಕೈ ಮೇಲೆತ್ತಿ ನಿಂತರು. “ಹೊಟ್ಟಿ ಬಿಡ್ರಿ, ಬಿಗಿ ಹಿಡೀಬ್ಯಾಡ್ರಿ,” ಎಂದರು ಮಾಸ್ತರರು. “ಈಗ ಬಿಟ್ರ ಎಲ್ಲಾ ಬಿಡ್ತೈತೋ ತಮ್ಮಾ, ಹಿಂಗ ತೊಗೊ,” ಎಂದರು ಅಜ್ಜ. ಬೆಂಚಿನ ಮೇಲೆ ಯಾರೋ ನಕ್ಕರು, ನಕ್ಕದ್ದಕ್ಕೆ ತೊಡೆ ಹಿಡಿದುಕೊಂಡರು. ಒಬ್ಬೊಬ್ಬರಾಗಿ ಎದ್ದು ನಿಂತರು. ಮಾಸ್ತರರು ಅಳತೆ ಹೇಳುತ್ತಿದ್ದರು, ನಾನು, ಯಾರು ಯಾವಾಗ ನೀರು ಕುಡಿದರೆಂದು ಗುರುತು ಹಾಕುವ ಚಾರ್ಟಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಎಲ್ಲರ ಕೊನೆಗೆ ಪ್ರಾಧ್ಯಾಪಕರೂ ಕನ್ನಡಕ ಸರಿಪಡಿಸಿಕೊಂಡು ಎದ್ದರು. ಅಳತೆ, ನಗೆಯ ನಡುವೆ ಮುಕ್ಕಾಲು ತಾಸು ಕಳೆದದ್ದೇ ಗೊತ್ತಾಗಲಿಲ್ಲ. ಮೇಡಂ ಬಾಗಿಲು ತೆರೆದು ನೋಡಿದರು. ಐವರು ಗಂಡಸರು ಹಾಗೆ ನಿಂತದ್ದು ಏಕೆಂದು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಮಾಸ್ತರರ ಹೆಸರು ಕೂಗಿದರು.

ಮಾಸ್ತರರು ಕೈಯಲ್ಲಿದ್ದ ಟೇಪನ್ನು ನನ್ನ ಕೊರಳಿಗೆ, ಸ್ವಯಂಸೇವಕನ ಪಟ್ಟಿಯ ಮೇಲೆ, ಹಾಕಿದರು. “ನಿಮ್ಮದೊಂದ ಉಳೀತು ಸರ. ಬಂದು ತೊಗೋತೇನಿ,” ಎಂದು ಹೇಳಿ ಸಂಡಾಸಿನ ಕಡೆ ತಿರುಗದೆ ಒಳಗೆ ಹೋದರು.